ಯಜಮಾನರ ಆಫೀಸಿನಲ್ಲಿ ‘ಬದಲಾವಣೆ’ಯಂತೆ!

ಸಂಜೆ ಯಜಮಾನರು ಮನೆಗೆ ಬಂದವರೇ ಲ್ಯಾಪ್‌ಟಾಪ್ ಬ್ಯಾಗನ್ನು ಸೋಫಾ ಮೇಲಿಟ್ಟು, ‘ನಮ್ಮ ಕಂಪನೀಲಿ ಏನೋ ದೊಡ್ಡ ಬದಲಾವಣೆ ಅಂತೆ’ ಎಂದು ಒಂದು ಮಾತು ಹೇಳಿ ಸುಮ್ಮನಾಗಿಬಿಡುತ್ತಾರೆ. ಇಲ್ಲವೇ ಮಗಳು ಫೋನ್ ಮಾಡಿ ‘ಅಮ್ಮಾ, ನಮಗೆ ಹೊಸ ಸಿಇಓ ಬಂದಿದ್ದಾರೆ, ಟೀಮೆಲ್ಲಾ ಕಲಸಿ ಹಾಕ್ತಾರಂತೆ’ ಅನ್ನುತ್ತಾಳೆ. ನಿಮ್ಮ ಕಣ್ಣಿಗೆ ಬೀಳುವುದು ಇಷ್ಟೇ: ಮನೆಯಲ್ಲಿ ಮಾತು ಕಡಿಮೆಯಾಗಿದೆ, ರಾತ್ರಿ ಹತ್ತರ ಮೇಲಿನ ಕಾಲ್‌ಗಳು ಜಾಸ್ತಿಯಾಗಿವೆ, ತಟ್ಟೆಯಲ್ಲಿ ಅರ್ಧ ಚಪಾತಿ ಉಳಿಯುತ್ತಿದೆ. ‘ಏನಾಯ್ತು ರೀ?’ ಅಂತ ಕೇಳಿದರೆ ‘ನಿಂಗೆ ಅರ್ಥ ಆಗಲ್ಲ ಬಿಡು’ ಎಂಬ ಉತ್ತರ!

ಅರ್ಥವಾಗದಂಥದ್ದು ಅದರಲ್ಲಿ ಏನೂ ಇಲ್ಲ. ಹತ್ತಾರು ಜನರಿರುವ ಅವಿಭಕ್ತ ಕುಟುಂಬದಲ್ಲಿ ಹಿರಿಯರು ಹಿಂದೆ ಸರಿದು ಮನೆಯ ಬೀಗದ ಕೈ ಹೊಸಬರ ಸೊಂಟಕ್ಕೆ ಬಂದಾಗ ಏನಾಗುತ್ತದೆ ಅನ್ನುವುದನ್ನು ಕಂಡವರು ನೀವು. ಐ.ಟಿ. ಕಂಪನಿಯಲ್ಲಿ ಆಗುವುದೂ ಅದೇ. ಮಂದಿ ಲಕ್ಷಗಟ್ಟಲೆ, ಲೆಕ್ಕ ಡಾಲರ್‌ನಲ್ಲಿ, ಅಷ್ಟೇ ವ್ಯತ್ಯಾಸ.

ಈಗ ಇದನ್ನೆಲ್ಲ ನಾವು ಯಾಕೆ ತಿಳಿದುಕೊಳ್ಳಬೇಕು ಅಂತೀರಾ? 2025ರ ಜುಲೈನಲ್ಲಿ ಟಿಸಿಎಸ್ ಸಂಸ್ಥೆ ತನ್ನ ನೌಕರರಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೈಬಿಡುವುದಾಗಿ ಹೇಳಿತು. ಅದರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಅಂದರೆ ಮನೆ ಸಾಲ, ಮಕ್ಕಳ ಫೀಸು, ವಯಸ್ಸಾದ ಅಪ್ಪ ಅಮ್ಮನ ಔಷಧಿ ಎಲ್ಲವನ್ನೂ ಹೊತ್ತ ವಯಸ್ಸಿನವರು. ಅದೇ ವರ್ಷ ಮೇ ಮತ್ತು ಜುಲೈ ತಿಂಗಳುಗಳಲ್ಲಿ ಮೈಕ್ರೋಸಾಫ್ಟ್ ಜಗತ್ತಿನಾದ್ಯಂತ ಸುಮಾರು 15 ಸಾವಿರ ಹುದ್ದೆಗಳನ್ನು ಕಡಿತ ಮಾಡಿತು. ಕುರ್ಚಿ ಅಲುಗಾಡಿದ್ದು ಆಫೀಸಿನಲ್ಲಾದರೂ ಬಿಸಿ ತಟ್ಟುವುದು ಅಡುಗೆಮನೆಗೇ ಅಲ್ವಾ?

ಹಾಗಾಗಿ ಇಂಥ ಬದಲಾವಣೆಯನ್ನು ಮುನ್ನಡೆಸಿದ ಒಬ್ಬರ ಉದಾಹರಣೆ ನೋಡೋಣ. ಅವರು ನಮಗೆ ತೀರಾ ಹೊರಗಿನವರೂ ಅಲ್ಲ.

ಮಣಿಪಾಲದ ಹಳೇ ವಿದ್ಯಾರ್ಥಿ

ಸತ್ಯ ನಾದೆಲ್ಲ ಹುಟ್ಟಿದ್ದು 1967ರಲ್ಲಿ, ಹೈದರಾಬಾದಿನಲ್ಲಿ. ತಂದೆ ಯುಗಂಧರ್ ಐಎಎಸ್ ಅಧಿಕಾರಿ. ಎಂಜಿನಿಯರಿಂಗ್ ಓದಿದ್ದು ನಮ್ಮ ಮಣಿಪಾಲದಲ್ಲಿ, 1988ರಲ್ಲಿ ಪದವಿ. ಅವರ ಪತ್ನಿ ಅನುಪಮಾ ಕೂಡ ಅಲ್ಲೇ ಆರ್ಕಿಟೆಕ್ಚರ್ ಓದಿದವರು. 1992ರಲ್ಲಿ ಮೈಕ್ರೋಸಾಫ್ಟ್ ಸೇರಿದ ನಾದೆಲ್ಲ, 2014ರ ಫೆಬ್ರುವರಿ 4ರಂದು ಅದರ ಸಿಇಓ ಆದರು. ಬಿಲ್ ಗೇಟ್ಸ್, ಸ್ಟೀವ್ ಬಾಮರ್ ನಂತರ ಮೂರನೆಯವರು.

ಅವರ ಕೈಗೆ ಬಂದ ಮನೆ ಹೇಗಿತ್ತು ಗೊತ್ತಾ? ಹೊರಗಿನಿಂದ ಬಂಗಲೆ, ಒಳಗೆ ದಾಯಾದಿ ಕಲಹ. ವಿಂಡೋಸ್ ಮತ್ತು ಆಫೀಸ್‌ನಿಂದ ದುಡ್ಡೇನೋ ಬರುತ್ತಿತ್ತು. ಆದರೆ ಮೊಬೈಲ್ ಯುಗದಲ್ಲಿ ಆಪಲ್ ಮತ್ತು ಗೂಗಲ್ ಮುಂದೆ ಹೋಗಿದ್ದವು. ಒಳಗಿನ ವಿಭಾಗಗಳಿಗೆ ಒಬ್ಬರನ್ನು ಕಂಡರೆ ಇನ್ನೊಬ್ಬರಿಗಾಗದು. 2011ರಲ್ಲಿ ಒಬ್ಬ ವ್ಯಂಗ್ಯಚಿತ್ರಕಾರ ಮೈಕ್ರೋಸಾಫ್ಟನ್ನು ಹೇಗೆ ಬರೆದಿದ್ದ ಅಂದರೆ, ಪ್ರತಿ ವಿಭಾಗವೂ ಇನ್ನೊಂದರ ಕಡೆ ಪಿಸ್ತೂಲು ಹಿಡಿದು ನಿಂತಿತ್ತು! ಆ ಚಿತ್ರ ತಮ್ಮನ್ನು ಚುಚ್ಚಿತೆಂದೂ, ಒಳಗಿನವರೇ ಅದನ್ನು ನಿಜವೆಂದು ಒಪ್ಪಿಕೊಂಡದ್ದು ಇನ್ನೂ ಹೆಚ್ಚು ಚುಚ್ಚಿತೆಂದೂ ನಾದೆಲ್ಲ ಮುಂದೆ ಬರೆದುಕೊಂಡರು.

ಈ ಜಗಳಕ್ಕೆ ಒಂದು ಕಾರಣ ಅಲ್ಲಿದ್ದ ಅಂಕ ಕೊಡುವ ಪದ್ಧತಿ. ಪ್ರತಿ ಟೀಮಿನಲ್ಲೂ ಇಂತಿಷ್ಟು ಮಂದಿಯನ್ನು ‘ಕಳಪೆ’ ಎಂದು ತೋರಿಸಲೇಬೇಕಿತ್ತು. ನಿಮ್ಮ ಮಗುವಿನ ತರಗತಿಯಲ್ಲಿ ಎಲ್ಲರೂ 90ರ ಮೇಲೆ ತೆಗೆದರೂ ಇಬ್ಬರನ್ನು ಫೇಲ್ ಮಾಡಲೇಬೇಕು ಅಂತ ಟೀಚರಿಗೆ ಹೇಳಿದ ಹಾಗೆ. ಆಗ ಮಕ್ಕಳು ಒಬ್ಬರಿಗೊಬ್ಬರು ನೋಟ್ಸ್ ಕೊಡ್ತಾರಾ? ಈ ಪದ್ಧತಿಯನ್ನು ಕಂಪನಿ 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಅಂದರೆ ನಾದೆಲ್ಲ ಬರುವ ಮೊದಲೇ, ಬಾಮರ್ ಕಾಲದಲ್ಲೇ. ಬದಲಾವಣೆಯ ಶ್ರೇಯಸ್ಸೆಲ್ಲ ಹೊಸಬರದ್ದೇ ಅನ್ನುವ ಹಾಗಿಲ್ಲ. ನಿಯಮ ಹೋಗಿತ್ತು, ಅಭ್ಯಾಸ ಉಳಿದಿತ್ತು. ಅಭ್ಯಾಸ ಬಿಡಿಸುವ ಕೆಲಸ ಹೊಸ ಯಜಮಾನರ ಪಾಲಿಗೆ ಬಂತು.

ಮೊದಲು ಮಾತು ಬದಲಾಯಿತು

ನಾದೆಲ್ಲ ಆರಂಭದಲ್ಲೇ ತಮ್ಮ ಹಿರಿಯ ಸಹೋದ್ಯೋಗಿಗಳ ಕೈಗೆ ಒಂದು ಪುಸ್ತಕ ಕೊಟ್ಟರು. ಲಾಭ ನಷ್ಟದ ಪುಸ್ತಕ ಅಂದುಕೊಂಡಿರಾ? ಅಲ್ಲ. ಎದುರಿನವರನ್ನು ನೋಯಿಸದೆ ಮಾತಾಡುವುದು ಹೇಗೆ ಎಂದು ಹೇಳುವ, ಮಾರ್ಷಲ್ ರೋಸೆನ್‌ಬರ್ಗ್ ಎಂಬುವರ ಪುಸ್ತಕ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಅಂತ ನಮ್ಮ ಅಜ್ಜಿಯರು ಹೇಳಿದ್ದನ್ನೇ ಅಲ್ಲಿ ಎಂಜಿನಿಯರುಗಳಿಗೆ ಪಾಠ ಮಾಡಬೇಕಾಯಿತು ನೋಡಿ!

ಎರಡನೆಯ ಪುಸ್ತಕದ ಕತೆ ಇನ್ನೂ ಸ್ವಾರಸ್ಯಕರ. ಕೆರೊಲ್ ಡ್ವೆಕ್ ಎಂಬ ಮನಶ್ಶಾಸ್ತ್ರಜ್ಞೆ ಬರೆದದ್ದು. ಬುದ್ಧಿ ಹುಟ್ಟಿನಿಂದ ಬಂದಷ್ಟೇ ಅಂದುಕೊಂಡ ಮಗು ಸೋಲಿಗೆ ಹೆದರುತ್ತದೆ, ಕಲಿತರೆ ಬೆಳೆಯುತ್ತೇನೆ ಅಂದುಕೊಂಡ ಮಗು ಮುಂದೆ ಹೋಗುತ್ತದೆ ಎಂಬುದು ಅದರ ಸಾರ. ಈ ಪುಸ್ತಕವನ್ನು ಅವರಿಗೆ ತೋರಿಸಿಕೊಟ್ಟವರು ಪತ್ನಿ ಅನುಪಮಾ. ಅದೂ ಆಫೀಸಿಗಲ್ಲ, ಮಕ್ಕಳ ಓದಿನ ವಿಚಾರಕ್ಕೆ! ಅದನ್ನೇ ನಾದೆಲ್ಲ ಇಡೀ ಕಂಪನಿಯ ಮಂತ್ರ ಮಾಡಿದರು. ‘ಎಲ್ಲ ಬಲ್ಲವರು’ ಆಗಿದ್ದು ಸಾಕು, ‘ಎಲ್ಲ ಕಲಿಯುವವರು’ ಆಗೋಣ ಅಂದರು. ಮನೆಯಲ್ಲಿ ನೀವು ಹೇಳುವ ಮಾತು ಯಾವ ಬೋರ್ಡ್ ರೂಮಿಗೆ ಹೋಗಿ ಮುಟ್ಟುತ್ತದೋ ಯಾರು ಬಲ್ಲರು?

ಈ ದಂಪತಿಯ ಮಗ ಜೈನ್ 1996ರಲ್ಲಿ ಸೆರೆಬ್ರಲ್ ಪಾಲ್ಸಿಯೊಂದಿಗೆ ಹುಟ್ಟಿದ. ವೃತ್ತಿಯನ್ನು ಬದಿಗಿಟ್ಟು ಅವನ ಹಿಂದೆ ನಿಂತವರು ಅನುಪಮಾ. ‘ನಮಗೇ ಯಾಕೆ ಹೀಗಾಯಿತು’ ಎಂದು ಮೊದಲು ಕೊರಗುತ್ತಿದ್ದ ತಮಗೆ, ಆಗಿರುವುದು ನಮಗಲ್ಲ, ಮಗುವಿಗೆ ಎಂಬುದು ಹೆಂಡತಿಯನ್ನು ನೋಡುತ್ತಾ ತಿಳಿಯಿತು ಎಂದು ನಾದೆಲ್ಲ ಹೇಳಿಕೊಂಡಿದ್ದಾರೆ. ಜೈನ್ 2022ರಲ್ಲಿ ತೀರಿಕೊಂಡ. ಇನ್ನೊಬ್ಬರ ನೋವನ್ನು ಅವರ ಜಾಗದಲ್ಲಿ ನಿಂತು ನೋಡುವುದು ನಾಯಕನಿಗೆ ಬೇಕಾದ ಮೊದಲ ಗುಣ ಎಂದು ಅವರು ಮತ್ತೆ ಮತ್ತೆ ಹೇಳುವುದರ ಹಿಂದೆ ಈ ಮನೆಯ ಅನುಭವವಿದೆ.

ಸ್ವಂತ ಬೋರ್‌ವೆಲ್ ಬಿಟ್ಟು ಕಾವೇರಿ ನೀರಿಗೆ

ಒಳ್ಳೆಯ ಮಾತಿನಿಂದಲೇ ಹೊಟ್ಟೆ ತುಂಬುವುದಿಲ್ಲವಲ್ಲ! ವ್ಯಾಪಾರವೂ ಬದಲಾಗಬೇಕಿತ್ತು. ಅಲ್ಲಿಯವರೆಗೂ ಮೈಕ್ರೋಸಾಫ್ಟಿನಲ್ಲಿ ವಿಂಡೋಸೇ ಪಟ್ಟದ ರಾಣಿ. ಉಳಿದವರೆಲ್ಲ ಅವಳ ಸೇವೆಗೆ. ಅಧಿಕಾರ ವಹಿಸಿಕೊಂಡ ಎರಡೇ ತಿಂಗಳೊಳಗೆ, 2014ರ ಮಾರ್ಚ್‌ನಲ್ಲಿ, ನಾದೆಲ್ಲ ಆಪಲ್‌ನ ಐಪ್ಯಾಡ್‌ನಲ್ಲೂ ಓಡುವ ‘ಆಫೀಸ್’ ಬಿಡುಗಡೆ ಮಾಡಿದರು. ಪ್ರತಿಸ್ಪರ್ಧಿಯ ಅಂಗಡಿಯಲ್ಲಿ ನಮ್ಮ ಉಪ್ಪಿನಕಾಯಿ ಇಟ್ಟ ಹಾಗೆ. ಆ ಆವೃತ್ತಿ ಸಿದ್ಧವಾಗಿದ್ದು ಹಳಬರ ಕಾಲದಲ್ಲೇ. ಅದನ್ನು ತಮ್ಮ ಮೊದಲ ದೊಡ್ಡ ವೇದಿಕೆಯಲ್ಲಿ ತೋರಿಸಿ, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಮನೆಮಂದಿಗೆಲ್ಲ ತಿಳಿಸಿದ್ದು ಹೊಸಬರ ಜಾಣತನ.

ಇನ್ನೊಂದು, ಎಲ್ಲರ ಬಾಯಲ್ಲೂ ಇರುವ ‘ಕ್ಲೌಡ್’. ಹಿಂದೆ ಪ್ರತಿ ಕಂಪನಿಯೂ ತನ್ನದೇ ಕಂಪ್ಯೂಟರ್ ಕೋಣೆ ಕಟ್ಟಿಕೊಳ್ಳಬೇಕಿತ್ತು, ಮನೆಗೊಂದು ಬೋರ್‌ವೆಲ್ ಕೊರೆಸಿದ ಹಾಗೆ. ಕ್ಲೌಡ್ ಅಂದರೆ ಕಾವೇರಿ ನೀರಿನ ನಲ್ಲಿ. ಎಷ್ಟು ಬಳಸಿದಿರೋ ಅಷ್ಟಕ್ಕೆ ಮೀಟರ್ ಓಡುತ್ತದೆ. ನಾದೆಲ್ಲ ಸಿಇಓ ಆಗುವ ಮೊದಲು ಈ ವಿಭಾಗವನ್ನೇ ನೋಡಿಕೊಳ್ಳುತ್ತಿದ್ದವರು. ಕಂಪನಿಯ ಹಣ, ಜನ, ಗಮನ ಮೂರನ್ನೂ ಅತ್ತ ತಿರುಗಿಸಿದರು. 2014ರಲ್ಲಿ ಸುಮಾರು 30 ಸಾವಿರ ಕೋಟಿ ಡಾಲರ್ ಇದ್ದ ಕಂಪನಿಯ ಷೇರು ಮೌಲ್ಯ 2024ರ ಜನವರಿಯಲ್ಲಿ 3 ಲಕ್ಷ ಕೋಟಿ ಡಾಲರ್ ದಾಟಿತು. ಹತ್ತು ವರ್ಷದಲ್ಲಿ ಹತ್ತು ಪಟ್ಟು!

ನಾಣ್ಯದ ಇನ್ನೊಂದು ಮುಖ

ಇಲ್ಲಿಗೆ ಕತೆ ಮುಗಿಸಿ ಚಪ್ಪಾಳೆ ತಟ್ಟಿದರೆ ಅದು ಅರ್ಧ ಸತ್ಯವಾಗುತ್ತದೆ. ಅದೇ ನಾದೆಲ್ಲ, ಬಂದ ಐದೇ ತಿಂಗಳಿಗೆ, 2014ರ ಜುಲೈನಲ್ಲಿ, 18 ಸಾವಿರ ಹುದ್ದೆಗಳನ್ನು ಕಡಿತ ಮಾಡುವುದಾಗಿ ಹೇಳಿದರು. ಅದರಲ್ಲಿ ಸುಮಾರು 12,500 ಮಂದಿ ನೋಕಿಯಾ ಖರೀದಿಯ ಜೊತೆ ಬಂದವರ ಸಾಲಿನವರು. ಖರೀದಿಯ ನಿರ್ಧಾರ ಹಿಂದಿನವರದ್ದು. ನಾದೆಲ್ಲ ಅದಕ್ಕೆ ಒಲವು ತೋರಿರಲಿಲ್ಲ. ಮರುವರ್ಷ ಆ ಖರೀದಿಯ ಬಾಬ್ತು 760 ಕೋಟಿ ಡಾಲರನ್ನು ನಷ್ಟವೆಂದು ಬರೆದುಹಾಕಿದರು, ಇನ್ನೂ 7,800 ಮಂದಿ ಕೆಲಸ ಕಳೆದುಕೊಂಡರು. ತಪ್ಪು ಲೆಕ್ಕ ಹಾಕಿದವರು ಯಾರೋ, ಗಂಟುಮೂಟೆ ಕಟ್ಟಿದವರು ಯಾರೋ.

ಅದು ಕಷ್ಟಕಾಲದ ಮಾತಾಯಿತು ಅನ್ನೋಣ. ಆದರೆ 2023ರ ಜನವರಿಯಲ್ಲಿ 10 ಸಾವಿರ, 2025ರಲ್ಲಿ ಮತ್ತೆ 15 ಸಾವಿರ ಮಂದಿಯನ್ನು ತೆಗೆದದ್ದು ಕಂಪನಿ ದಂಡಿಯಾಗಿ ಲಾಭ ಮಾಡುತ್ತಿದ್ದಾಗ. 2025ರ ಜುಲೈನಲ್ಲಿ ನೌಕರರಿಗೆ ಬರೆದ ಪತ್ರದಲ್ಲಿ, ಈ ಕಡಿತ ತಮ್ಮ ಮನಸ್ಸಿಗೆ ಭಾರವಾಗಿದೆ ಎಂದು ನಾದೆಲ್ಲ ಒಪ್ಪಿಕೊಂಡರು. ಒಂದು ಕಡೆ ಲಾಭ ಏರುತ್ತಿದೆ, ಇನ್ನೊಂದು ಕಡೆ ಜನ ಮನೆಗೆ ಹೋಗುತ್ತಿದ್ದಾರೆ ಎಂಬ ವಿರೋಧಾಭಾಸವನ್ನೂ ಮುಚ್ಚಿಡಲಿಲ್ಲ. ಆದರೆ ಕೃತಕ ಬುದ್ಧಿಮತ್ತೆಗೆ, ಅಂದರೆ ಎಐಗೆ, ಕಂಪನಿ ನೀರಿನಂತೆ ಹಣ ಸುರಿಯುತ್ತಲೇ ಇತ್ತು.

ಇದರಿಂದ ನಾವು ತಿಳಿಯಬೇಕಾದ್ದೇನು? ಒಳ್ಳೆಯ ಮಾತಾಡುವ ಮೇಲಧಿಕಾರಿ ಸಿಕ್ಕರೆ ದಿನನಿತ್ಯದ ಕೆಲಸ ಹಗುರವಾಗುತ್ತದೆ, ಅದು ಸಣ್ಣ ವಿಷಯವಲ್ಲ. ಆದರೆ ಕಂಪನಿಯ ಕರುಣೆ ಬೇರೆ, ಕಂಪನಿಯ ಲೆಕ್ಕಾಚಾರ ಬೇರೆ. ‘ನಮ್ಮದು ಒಂದೇ ಕುಟುಂಬ’ ಅಂತ ಆಫೀಸಿನವರು ಎಷ್ಟೇ ಹೇಳಲಿ, ಕಷ್ಟ ಬಂತೆಂದು ಯಾವ ಕುಟುಂಬವೂ ತನ್ನವರನ್ನು ಈಮೇಲ್ ಕಳಿಸಿ ಹೊರಗೆ ಹಾಕುವುದಿಲ್ಲ. ಇವರು ಚೆನ್ನಾಗಿ ಕೆಲಸ ಮಾಡಲಿಲ್ಲ, ಅದಕ್ಕೇ ಹೋಯಿತು ಎಂಬ ತೀರ್ಮಾನಕ್ಕೂ ಬರಬೇಡಿ. ಎಷ್ಟೋ ಸಲ ತೆಗೆಯುವುದು ಇಡೀ ವಿಭಾಗವನ್ನು, ವ್ಯಕ್ತಿಯನ್ನಲ್ಲ.

ಸಂಬಳ ಕೇಳಬೇಡಿ ಅಂದಿದ್ದರು!

ಹೆಣ್ಣುಮಕ್ಕಳು ಮರೆಯದ ಇನ್ನೊಂದು ಪ್ರಸಂಗವಿದೆ. 2014ರ ಅಕ್ಟೋಬರ್‌ನಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಕಂಪ್ಯೂಟರ್ ಕ್ಷೇತ್ರದ ಮಹಿಳೆಯರ ದೊಡ್ಡ ಸಮಾವೇಶ. ಸಂಬಳ ಹೆಚ್ಚಿಸಿ ಎಂದು ಕೇಳಲು ಸಂಕೋಚಪಡುವ ಹೆಂಗಸರಿಗೆ ಏನು ಸಲಹೆ ಕೊಡುತ್ತೀರಿ ಎಂದು ವೇದಿಕೆಯಲ್ಲಿ ನಾದೆಲ್ಲ ಅವರನ್ನು ಕೇಳಲಾಯಿತು. ಕೇಳುವುದು ಮುಖ್ಯವಲ್ಲ, ವ್ಯವಸ್ಥೆಯನ್ನು ನಂಬಿ, ಕೇಳದೇ ಇದ್ದರೆ ಅದೊಂದು ಒಳ್ಳೆಯ ಕರ್ಮ ಎಂಬರ್ಥದ ಉತ್ತರ ಕೊಟ್ಟುಬಿಟ್ಟರು! ಪ್ರಶ್ನೆ ಕೇಳಿದ ಮರಿಯಾ ಕ್ಲಾವೆ ಆ ಕಂಪನಿಯ ನಿರ್ದೇಶಕ ಮಂಡಳಿಯ ಸದಸ್ಯೆಯೇ. ‘ಇದನ್ನು ನಾನು ಒಪ್ಪುವುದಿಲ್ಲ’ ಎಂದು ಅಲ್ಲೇ ಹೇಳಿದರು.

ಎಲ್ಲೆಡೆ ಟೀಕೆ ಬಂತು. ನಾದೆಲ್ಲ ಸಮರ್ಥಿಸಿಕೊಳ್ಳಲು ಹೋಗಲಿಲ್ಲ. ಅದೇ ದಿನ ನೌಕರರಿಗೆಲ್ಲ ಪತ್ರ ಬರೆದು, ತಮ್ಮ ಉತ್ತರ ಸಂಪೂರ್ಣ ತಪ್ಪು, ಸಮಾನ ಕೆಲಸಕ್ಕೆ ಸಮಾನ ವೇತನ ಬೇಕು, ಅರ್ಹರೆನಿಸಿದರೆ ಕೇಳಿಬಿಡಿ ಎಂದರು. ನಿಮ್ಮ ಮಗಳೋ ಸೊಸೆಯೋ ಕೆಲಸದಲ್ಲಿದ್ದರೆ ಈ ಪ್ರಸಂಗ ಹೇಳಿ. ಕೇಳದಿದ್ದರೆ ಅಮ್ಮನೂ ಬಡಿಸುವುದಿಲ್ಲ ಅನ್ನುವುದು ಸಂಬಳಕ್ಕೂ ಸಲ್ಲುತ್ತದೆ.

ಮನೆಯಲ್ಲಿ ನೀವೇನು ಮಾಡಬಹುದು?

* ‘ಕೆಲಸ ಇರುತ್ತೋ ಹೋಗುತ್ತೋ?’ ಅಂತ ನೇರ ಕೇಳಿದರೆ ಅವರು ಇನ್ನಷ್ಟು ಮುದುಡುತ್ತಾರೆ. ಬದಲಿಗೆ ‘ನಿಮ್ಮ ಪ್ರಾಜೆಕ್ಟ್ ಇನ್ನೆಷ್ಟು ದಿನ ಇದೆ?’, ‘ಮೇಲಿನವರು ಬದಲಾದ್ರಾ?’, ‘ಹೊಸದೇನಾದರೂ ಕಲೀಬೇಕಂತಾ?’ ಅಂತ ಕೇಳಿ. ಈ ಮೂರು ಉತ್ತರದಲ್ಲೇ ನಿಮಗೆ ಅರ್ಧ ಚಿತ್ರ ಸಿಗುತ್ತದೆ.

* ಆರು ತಿಂಗಳ ಮನೆ ಖರ್ಚು ಮತ್ತು ಸಾಲದ ಕಂತಿನಷ್ಟು ಹಣ ಬೇಗ ಕೈಗೆ ಸಿಗುವ ಹಾಗಿರಲಿ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ನಿಜ, ಆದರೆ ಕುಡಿಕೆಯೇ ಇಲ್ಲದಿದ್ದರೆ ಸಿಕ್ಕಿದ ಮೊದಲ ಕೆಲಸಕ್ಕೆ, ಸಿಕ್ಕಿದ ಸಂಬಳಕ್ಕೆ ತಲೆಬಾಗಬೇಕಾಗುತ್ತದೆ.

* ಕಂಪನಿ ಕೊಟ್ಟ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತದೆ. ಕೆಲಸ ಗಟ್ಟಿಯಿರುವಾಗಲೇ ಮನೆಯವರಿಗೆಲ್ಲ ಬೇರೆ ಪಾಲಿಸಿ ಮಾಡಿಸಿ. ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು, ಹಾಗಾಗಿ ತಡ ಮಾಡಬೇಡಿ. 2025ರ ಸೆಪ್ಟೆಂಬರ್ 22ರಿಂದ ಇಂಥ ವೈಯಕ್ತಿಕ ಪಾಲಿಸಿಗಳ ಕಂತಿನ ಮೇಲೆ ಜಿಎಸ್‌ಟಿಯೂ ಇಲ್ಲ.

* ಪಿಎಫ್ ಖಾತೆ, ಸಾಲದ ಕಾಗದ, ವಿಮೆ ಪಾಲಿಸಿ ಎಲ್ಲಿವೆ, ನಾಮಿನಿ ಯಾರು ಅನ್ನುವುದು ನಿಮಗೂ ಗೊತ್ತಿರಲಿ. ‘ಅದೆಲ್ಲಾ ಅವರೇ ನೋಡ್ಕೋತಾರೆ’ ಅನ್ನುವ ಕಾಲ ಹೋಯಿತು.

* ಮಕ್ಕಳಿಂದ ಮುಚ್ಚಿಡಬೇಡಿ. ಹತ್ತು ವರ್ಷದ ಮಗುವಿಗೂ ಅಪ್ಪನ ಮುಖ ಓದಲು ಬರುತ್ತದೆ. ‘ಆಫೀಸಿನಲ್ಲಿ ಸ್ವಲ್ಪ ಬದಲಾವಣೆ ಇದೆ, ಈ ವರ್ಷ ಪ್ರವಾಸ ಬೇಡ’ ಅಂತ ಹೇಳಿದರೆ ಅವು ಅರ್ಥ ಮಾಡಿಕೊಳ್ಳುತ್ತವೆ.

* ನೀವು ಓದಿ, ಕೆಲಸ ಮಾಡಿ, ಮಕ್ಕಳಿಗಾಗಿ ಬಿಟ್ಟವರಾ? ಹಾಗಿದ್ದರೆ ಹಳೆಯ ವಿದ್ಯೆಗೆ ಒಂದಿಷ್ಟು ಹೊಳಪು ಕೊಡುವುದಕ್ಕೂ ಇದೇ ಸಮಯ. ಒಂದೇ ಕಂಬದ ಮೇಲೆ ನಿಂತ ಮನೆಗಿಂತ ಎರಡು ಕಂಬದ ಮನೆ ಗಟ್ಟಿ.

ಕಡೆಯದಾಗಿ ಒಂದು ಮಾತು. ನಿಮ್ಮ ಯಜಮಾನರೇ ಬದಲಾವಣೆ ತರುವ ಕುರ್ಚಿಯಲ್ಲಿದ್ದರೆ? ಯಾರನ್ನು ಉಳಿಸಬೇಕು, ಯಾರನ್ನು ಕಳಿಸಬೇಕು ಎಂಬ ಪಟ್ಟಿಗೆ ಸಹಿ ಹಾಕುವವರೂ ಯಾರದೋ ಮನೆಯವರೇ. ಅಂಥ ರಾತ್ರಿಗಳಲ್ಲಿ ಅವರಿಗೂ ನಿದ್ದೆ ಬರುವುದಿಲ್ಲ. ಆಗ ನೀವು ಸಲಹೆ ಕೊಡಬೇಕಾಗಿಲ್ಲ. ‘ಆ ಹೆಸರುಗಳ ಹಿಂದೆ ಒಂದೊಂದು ಮನೆ ಇದೆ, ಹೇಳುವಾಗ ಎದುರು ಕೂತು ಹೇಳಿ’ ಅಂತ ನೆನಪಿಸಿದರೆ ಸಾಕು. ಕಾಣದ ಇನ್ನೊಬ್ಬ ಗೃಹಿಣಿಗೆ ನೀವು ಮಾಡಬಹುದಾದ ಉಪಕಾರ ಅದು.