ನಯಾಗರಾ ಹೆಸರು ಬೇಕು, ಅದರ ಕರಾರು ಬೇಡ

ಮಳೆಗಾಲ ಬಂತಂದ್ರೆ ಸಾಕು, ನಾರಾಯಣಪುರದ ಛಾಯಾ ಭಗವತಿ ಫಾಲ್ಸ್‌ನ ವಿಡಿಯೊಗಳು ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಬಂದು ಬೀಳುತ್ತವೆ. ಕೆಂಪು ನೀರು, ಹೊಗೆಯಂತೆ ಏಳುವ ತುಂತುರು, ಅದರೊಳಗೊಂದು ಕಾಮನಬಿಲ್ಲು. ಕೆಳಗೆ ಕ್ಯಾಪ್ಷನ್: 'ನಮ್ಮ ಯಾದಗಿರಿಯ ಮಿನಿ ನಯಾಗರಾ'. ಬೆಂಗಳೂರಿನ ಗೆಳೆಯರ ರಿಪ್ಲೈ ಕೂಡ ಫಿಕ್ಸ್: 'ಯಾದಗಿರೀಲಿ ಫಾಲ್ಸ್ ಇದ್ಯಾ ಗುರೂ?'

ಇದೆ. ಸುರಪುರದಿಂದ ಹುಣಸಗಿ ದಾಟಿ ನಾರಾಯಣಪುರಕ್ಕೆ ಹೋದರೆ, ಡ್ಯಾಮಿನ ಕೆಳಗೆ ಕೃಷ್ಣೆ ಕಲ್ಲುಬಂಡೆಗಳ ಮೇಲೆ ಬಿದ್ದು ಎದ್ದು ಓಡುತ್ತಾಳೆ. ಗೆಳೆಯರಿಗೆ ಗೊತ್ತಿಲ್ಲ ಅನ್ನೋದು ನನ್ನ ತಕರಾರಲ್ಲ. ನಾವೇ ಹಾಕಿಕೊಂಡ ಆ ಕ್ಯಾಪ್ಷನ್ ಬಗ್ಗೆ ನನ್ನ ತಕರಾರು.

ನಯಾಗರಾ ಅಂದರೆ ಬರೀ ನೀರಲ್ಲ, ಒಂದು ಕರಾರು ಕೂಡ. 1950ರಲ್ಲಿ ಅಮೆರಿಕ, ಕೆನಡಾ ಸೇರಿ ಒಪ್ಪಂದ ಮಾಡಿಕೊಂಡವು. ವಿದ್ಯುತ್ತಿಗೆ ನೀರು ತಿರುಗಿಸಿಕೊಳ್ಳಬಹುದು, ಆದರೆ ಪ್ರವಾಸಿಗರ ಸೀಸನ್ನಿನ ಹಗಲು ಹೊತ್ತಲ್ಲಿ ಫಾಲ್ಸ್ ಮೇಲೆ ಕನಿಷ್ಠ 1 ಲಕ್ಷ ಕ್ಯೂಸೆಕ್ ಬೀಳಲೇಬೇಕು. ಉಳಿದ ಹೊತ್ತು 50 ಸಾವಿರ. ಅಂದರೆ ಅಲ್ಲಿನ ಕಾಮನಬಿಲ್ಲಿಗೆ ಟೈಮ್‌ಟೇಬಲ್ ಇದೆ, ಅದರ ಹಿಂದೆ ಕಾನೂನಿದೆ.

ನಮ್ಮಲ್ಲಿ? 2019ರ ಆಗಸ್ಟ್‌ನಲ್ಲಿ ಬಸವಸಾಗರದಿಂದ ನದಿಗೆ ಬಿಟ್ಟ ನೀರು 6 ಲಕ್ಷ ಕ್ಯೂಸೆಕ್ ದಾಟಿತ್ತು. ಆರು ನಯಾಗರಾ! ಇದಕ್ಕೆ 'ಮಿನಿ' ಅಂತೀರೇನು? ಅಂಥ ಪ್ರವಾಹದಲ್ಲಿ ಭಗವತಿಯ ಗುಡಿಯೇ ನೀರೊಳಗೆ. ಅದೇ ಜಾಗಕ್ಕೆ ಏಪ್ರಿಲ್‌ನಲ್ಲಿ ಹೋಗಿ, ಬಿಸಿಲಿಗೆ ಕಾದ ಬಂಡೆ ಬಿಟ್ಟರೆ ಬೇರೇನೂ ಕಾಣೋದಿಲ್ಲ. 1982ರಲ್ಲಿ ಮುಗಿದ ಡ್ಯಾಮಿಗೆ 30 ಗೇಟುಗಳಿವೆ. ನಮ್ಮ ಕಾಮನಬಿಲ್ಲು ಅವು ತೆರೆದಾಗ ಹುಟ್ಟುತ್ತದೆ, ಮುಚ್ಚಿದಾಗ ಸಾಯುತ್ತದೆ.

ಅವು ತೆರೆದಾಗ ಹುಟ್ಟೋದು ಕಾಮನಬಿಲ್ಲು ಮಾತ್ರ ಅಲ್ಲ. ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆ ಮುಳುಗಿ ದೇವದುರ್ಗದ ದಾರಿ ಬಂದ್ ಆಗುತ್ತದೆ. ನೀಲಕಂಠರಾಯನಗಡ್ಡಿಯ ಜನ ವರ್ಷಗಟ್ಟಲೆ ಪ್ರತಿ ಪ್ರವಾಹದಲ್ಲೂ ನಡುಗಡ್ಡೆಯಲ್ಲಿ ಸಿಕ್ಕಿಬಿದ್ದವರು. 2014ರಲ್ಲಿ ಅಲ್ಲಿಯ ತುಂಬು ಗರ್ಭಿಣಿಯೊಬ್ಬರು ಹೆರಿಗೆಗೆ ಆಸ್ಪತ್ರೆ ಸೇರಲು ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದರು. ನಾವು ಹಾರ್ಟ್ ಇಮೋಜಿ ಒತ್ತುವ ನೀರು ಇದೇ.

ಇಷ್ಟು ಹೇಳಿದರೆ ಶಹಾಪುರದ ನಮ್ಮ ಕಾಕಾ ಕೇಳ್ತಾರೆ: "ಕಾಲುವಿ ಕಡೀ ಹೊಲಕ್ಕ ನೀರಿಲ್ಲ, ನಿನಗ ಕಾಮನಬಿಲ್ಲು ಬೇಕೇನಪಾ?" ನ್ಯಾಯವಾದ ಪ್ರಶ್ನೆ. ಉತ್ತರ ಏನಂದ್ರೆ, ರೈತರ ಪಾಲಿನ ಒಂದು ಹನಿಯೂ ಬೇಡ. ಬೇಸಿಗೆಯಲ್ಲೂ ಕೆಳಗಿನ ಊರುಗಳ ಕುಡಿಯುವ ನೀರಿಗೆ, ಶಕ್ತಿನಗರದ ಶಾಖೋತ್ಪನ್ನ ಸ್ಥಾವರಕ್ಕೆ ಅಂತ ಆಗಾಗ ನದಿಗೆ ನೀರು ಬಿಡುತ್ತಾರೆ. ಬಂಡೆ ಮೇಲೆ ಬಿದ್ದ ನೀರು ಖರ್ಚಾಗಿ ಹೋಗೋದಿಲ್ಲ, ಮುಂದಕ್ಕೇ ಹೋಗುತ್ತದೆ. ನಾನು ಕೇಳೋದು ಇಷ್ಟೇ: ಹೇಗೂ ಬಿಡುವ ನೀರನ್ನ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ, ಸೈರನ್ ಹಾಕಿ, ಮೊದಲೇ ತಿಳಿಸಿ ಬಿಡಿ.

ಹೊತ್ತು ಯಾವುದು ಅಂತ ಕಾಮನಬಿಲ್ಲೇ ಹೇಳುತ್ತದೆ. ಸೂರ್ಯ ಬೆನ್ನ ಹಿಂದಿರಬೇಕು, ಎದುರಿಗೆ ತುಂತುರಿರಬೇಕು. ನಿಮ್ಮ ತಲೆಯ ನೆರಳಿನಿಂದ ಸುಮಾರು 42 ಡಿಗ್ರಿ ದೂರದಲ್ಲಿ ಬಿಲ್ಲು ಮೂಡುತ್ತದೆ. ಕೃಷ್ಣೆ ಇಲ್ಲಿ ಒಟ್ಟಾರೆ ಪೂರ್ವಕ್ಕೆ ಹರಿಯುವುದರಿಂದ, ಕೆಳಗೆ ನಿಂತು ಫಾಲ್ಸ್ ನೋಡುವವರ ಬೆನ್ನಿಗೆ ಬೆಳಗಿನ ಬಿಸಿಲು. ಹೊತ್ತೇರಿದಂತೆ ಬಿಲ್ಲು ಕೆಳಗಿಳಿದು ಮಾಯವಾಗುತ್ತದೆ. ಹಾಗಾಗಿ ಬೆಳಿಗ್ಗೆ 7ರಿಂದ 9 ಸಾಕು. ಛಾಯೆ ಅಂದರೆ ನೆರಳು, ಸೂರ್ಯನ ಹೆಂಡತಿ. ಆ ತಾಯಿಯ ಜಾಗದಲ್ಲಿ ನೆರಳು ನೋಡಿ ಗೇಟು ತೆರೆಯಿರಿ ಅನ್ನೋದು ಅತಿಯಾಸೆಯೇನಲ್ಲ.

ಜೋಗವೂ ಬೇರೆಯೇನಲ್ಲ. 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ 253 ಮೀಟರ್ ಎತ್ತರದ ಆ ಜಲಪಾತವೂ ಡ್ಯಾಂ ತುಂಬಲಿ ಅಂತ ಕಾಯುತ್ತದೆ. ಆದರೆ ಜೋಗದ ಪರವಾಗಿ ಮಾತಾಡುವವರಿದ್ದಾರೆ. ಛಾಯಾ ಭಗವತಿ ಪರ ಯಾರಿದ್ದಾರೆ? ಯಾದಗಿರಿ ಅಂದ ಕೂಡಲೇ ಬರ, ಗುಳೆ, ಬಿಸಿಲು ಅಂತ ಫೈಲ್ ಮುಚ್ಚಿಬಿಡುತ್ತಾರೆ.

ಗಟ್ಟಿ ಕಂಬಿ ಹಾಕಿದ ಒಂದು ವೀಕ್ಷಣಾ ಕಟ್ಟೆ, ನೀರು ಬಿಡುವ ವೇಳಾಪಟ್ಟಿಯ ಒಂದು ಬೋರ್ಡು, ಪ್ರವಾಹದಲ್ಲಿ ಮುಳುಗದ ಸೇತುವೆ. ಬೇಡಿಕೆ ಮೂರೇ. ಮೂರನೆಯದು ಮೊದಲು ಆಗಲಿ. ಈ ಸಲ ವಿಡಿಯೊ ಬಂದಾಗ ಕ್ಯಾಪ್ಷನ್ನಿನಲ್ಲಿ ನಯಾಗರಾ ಅಳಿಸಿ, ಈ ಮೂರನ್ನ ಬರೆದು ಫಾರ್ವರ್ಡ್ ಮಾಡ್ರಿ.