ಯಾರ ಪಾಲಿನ ಕರೆಂಟು?



ನನ್ನ ವಿದ್ಯುತ್ ಕಾರಿನ ಬಗ್ಗೆ ಬರೆಯಿರಿ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಪೆಟ್ರೋಲಿನ ಖರ್ಚು ಎಷ್ಟು ಉಳಿಯಿತು ಎಂಬುದೇ ಎಲ್ಲರ ಕುತೂಹಲ. ಉಳಿದಿದೆ, ಸಂಶಯವಿಲ್ಲ. ಆದರೆ ಕಳೆದ ತಿಂಗಳು ಯಲವಿಗಿಯ ನಮ್ಮ ಮನೆಯಂಗಳದಲ್ಲಿ ಹಳೆಯ ಶಿಷ್ಯನೊಬ್ಬ ಬೇರೆಯೇ ಪ್ರಶ್ನೆ ಕೇಳಿದ. ಅವನೀಗ ರೈತ. ಗೋಡೆಯ ಪ್ಲಗ್ಗಿನಿಂದ ಕಾರಿಗೆ ಹೋಗಿದ್ದ ವಾಯರನ್ನೇ ನೋಡುತ್ತ ನಿಂತು, "ಸರ್, ಇದು ಒಂದ್ ರಾತ್ರಿಗೆ ಎಷ್ಟ್ ಕರೆಂಟ್ ಕುಡೀತೈತ್ರಿ?" ಎಂದ.

ವಿಜ್ಞಾನ ಕಲಿಸಿದ ಮಾಸ್ತರನಿಗೆ ಇದಕ್ಕಿಂತ ಸುಲಭದ ಲೆಕ್ಕ ಬೇಕೆ? ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ ಸುಮಾರು 30 ಯೂನಿಟ್. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ನಿಮಗೆಲ್ಲ ಬಾಯಿಪಾಠ ಮಾಡಿಸಿದ್ದೇನೆ. ಮೋಟಾರಿನ ನಷ್ಟವನ್ನು ಬಿಟ್ಟರೆ ಅವನ ಐದು ಅಶ್ವಶಕ್ತಿಯ ಪಂಪಿಗೆ ತಾಸಿಗೆ 3.73 ಯೂನಿಟ್ ಬೇಕು. ಭಾಗಿಸಿದರೆ ಎಂಟು ತಾಸು. ನಾನು ಬಾಯಿ ತೆರೆಯುವ ಮೊದಲೇ ಅವನು ಬೆರಳೆಣಿಸಿ ಮುಗಿಸಿದ್ದ (ಶಾಲೆಯಲ್ಲಿ ಲೆಕ್ಕಕ್ಕೆ ಅಂಜುತ್ತಿದ್ದ ಹುಡುಗ!): "ನನ್ನ ಪಂಪಿನ ಒಂದ್ ದಿನದ ಪಾಳಿ ಆತ್ರಿ."

ಸಿಟ್ಟಿನ ಮಾತಲ್ಲ ಅದು. ಆದರೂ ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. 2023ರ ಬರ ನೆನಪಿದೆಯಷ್ಟೆ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ಪಂಪ್‌ಸೆಟ್ಟುಗಳಿಗೆ ಏಳು ತಾಸು ಕೊಡಬೇಕಾದ ತ್ರೀ ಫೇಸ್ ಕರೆಂಟು ಕೆಲಕಾಲ ಐದಕ್ಕೆ ಇಳಿದಿತ್ತು. ರಾತ್ರಿ ಪಾಳಿ ಬಂದರೆ ಟಾರ್ಚು ಹಿಡಿದು ಹಾವು ಚೇಳುಗಳ ನಡುವೆ ನೀರು ಹಾಯಿಸಬೇಕು.

ಹಾಗೆಂದು ಕಾರನ್ನೇ ತಪ್ಪೆನ್ನಲಾರೆ. ಅದೇ 30 ಯೂನಿಟ್ಟಿನಲ್ಲಿ ನಾನು 200 ಕಿ.ಮೀ. ಹೋಗುತ್ತೇನೆ. ಪೆಟ್ರೋಲಾದರೆ ಹನ್ನೆರಡು ಹದಿಮೂರು ಲೀಟರ್ ಬೇಕು. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರಬೇಕು. ಬೆಂಗಳೂರಿನಲ್ಲಿ 2001ರಲ್ಲೇ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಮಾರಾಟಕ್ಕೆ ಬಂದಿತ್ತು, ಲಂಡನ್ನಿನ ಬೀದಿಗಳಲ್ಲೂ ಓಡಿತು. ಅಂದು ಅದನ್ನು ಆಟಿಕೆಯೆಂದು ನಕ್ಕವರಲ್ಲಿ ನಾನೂ ಒಬ್ಬ.

ಬೆಂಗಳೂರಿನ ದಾರಿ ಸುಮಾರು 350 ಕಿ.ಮೀ. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು, ಪತ್ರಿಕೆ ಓದಿ, ಮತ್ತೊಂದು ಚಹಾ ಕುಡಿಯುವಷ್ಟರಲ್ಲಿ ಚಾರ್ಜ್ ಆಗುತ್ತದೆ. ಒಮ್ಮೆ ಚಿತ್ರದುರ್ಗ ದಾಟಿದ ಮೇಲೆ ಹೋಟೆಲೊಂದರ ಚಾರ್ಜರ್ ಕೆಟ್ಟು ನಿಂತಿತ್ತು. ಫ್ಯಾನು, ಏಸಿ ಎಲ್ಲ ಆರಿಸಿ ಉಸಿರು ಬಿಗಿಹಿಡಿದು ಮುಂದಿನ ಊರು ಸೇರಿದೆವು. ನಮ್ಮಾಕೆ ಇಂದಿಗೂ ಅದನ್ನೇ ಹೇಳುತ್ತಾಳೆ. ಆದರೆ ವರ್ಷಕ್ಕೆ ಎರಡು ಸಲ ಬೆಂಗಳೂರು. ಉಳಿದ ದಿನ ಸವಣೂರು, ಶಿಗ್ಗಾಂವಿ, ಅಪರೂಪಕ್ಕೆ ಹಾನಗಲ್ಲು.

ನನ್ನ ಅಭಿಪ್ರಾಯ ಇಷ್ಟು: ಎಷ್ಟು ಕರೆಂಟು ಎನ್ನುವುದಕ್ಕಿಂತ ಎಂಥ ಹೊತ್ತಿನ ಕರೆಂಟು ಎಂಬುದನ್ನು ನಾವು ಕೇಳಿಕೊಳ್ಳಬೇಕು. ಪಾವಗಡದ 2,000 ಮೆಗಾವ್ಯಾಟಿಗೂ ಮಿಗಿಲಾದ ಸೌರಸ್ಥಾವರ ದುಡಿಯುವುದು ಬಿಸಿಲಿರುವಾಗ. ನಾವು ಕಾರುಳ್ಳವರು ಚಾರ್ಜಿಗೆ ಹಚ್ಚುವುದು ರಾತ್ರಿ! ನೌಕರಿಯಲ್ಲಿರುವವರಿಗೆ ಬೇರೆ ದಾರಿಯಿಲ್ಲ, ಸರಿ. ನಿವೃತ್ತನಾದ ನನಗೇನು ಅವಸರ? ಅಂದಿನಿಂದ ಮುಂಜಾನೆ ಹನ್ನೊಂದರಿಂದ ಮೂರರವರೆಗೆ ಮಾತ್ರ ಹಚ್ಚುತ್ತೇನೆ. ಹನ್ನೆರಡು ಯೂನಿಟ್ ಸೇರುತ್ತದೆ, ನನಗೆ ಧಾರಾಳ. ತಾರಸಿಯ ಮೇಲೆ 3 ಕಿಲೋವ್ಯಾಟ್ ಫಲಕ ಹಾಕಿದರೆ ಒಳ್ಳೆಯ ಬಿಸಿಲಿನ ದಿನ ಬರುವುದೂ ಸುಮಾರು ಅಷ್ಟೇ. 2024ರಲ್ಲಿ ಆರಂಭವಾದ ಕೇಂದ್ರದ ಯೋಜನೆಯಲ್ಲಿ ಅದಕ್ಕೆ 78,000 ರೂಪಾಯಿ ಸಹಾಯಧನವಿದೆ. (ಕಾರು ಬಂದಂದಿನಿಂದ ನಮ್ಮ ಗೃಹಜ್ಯೋತಿಯ ಶೂನ್ಯ ಬಿಲ್ಲು ಹೋಯಿತು. ನ್ಯಾಯವೇ.)

ನೌಕರರ ಗಾಡಿಗಳು ಹಗಲೆಲ್ಲ ತಾಲ್ಲೂಕು ಕಚೇರಿ, ಕೋರ್ಟು, ಶಾಲೆಗಳ ಮುಂದೆ ಸುಮ್ಮನೆ ನಿಂತಿರುತ್ತವೆ. ಅಲ್ಲಿ ಮೀಟರು ಕೂರಿಸಿದ ಸಾಧಾರಣ 15 ಆಂಪಿಯರ್ ಪ್ಲಗ್ಗುಗಳಿದ್ದರೆ ಸಾಕು, ದುಬಾರಿ ಯಂತ್ರ ಬೇಡ. ಹೆದ್ದಾರಿಯ ಹೋಟೆಲುಗಳಿಗೆ ಕೊಟ್ಟ ಲಕ್ಷ್ಯದಲ್ಲಿ ಕಾಲುಭಾಗ ಸವಣೂರಿನಂಥ ಊರುಗಳಿಗೆ ಸಿಗಲಿ.

ಇದನ್ನೆಲ್ಲ ಶಿಷ್ಯನಿಗೆ ವಿವರಿಸಿದೆ. ಕೇಳಿಸಿಕೊಂಡು, "ಮಳಿಗಾಲದಾಗ ಬಿಸಿಲ ಇರಂಗಿಲ್ಲಲ್ರಿ?" ಎಂದ. ಆಗ ನಿನ್ನ ಪಂಪೂ ನಿಂತಿರುತ್ತದಲ್ಲ, ನಿನ್ನ ಪಾಲಿಗೆ ನಾನು ಕೈಹಾಕಿದಂತಾಗದು ಎಂದೆ.

"ಮಳಿ ಬಂದ್ರ, ಸರ್" ಎಂದ.

ಬರುವ ವಾರ ತಾರಸಿಯ ಅಳತೆಗೆ ಜನ ಬರಲಿದ್ದಾರೆ. ಅವನನ್ನೂ ಬರಹೇಳಿದ್ದೇನೆ.