ವಿಶ್ವಾಸದ ಕಣ್ಣು, ವಾಕ್ಯದ ಬೆಳಕು

ಬೈಬಲನ್ನು ಯಥಾರ್ಥವಾಗಿ ತಿಳಿಯಬೇಕಾದರೆ ವಿಶ್ವಾಸವನ್ನು ಬದಿಗಿಟ್ಟು ಓದಬೇಕು ಎಂಬ ಮಾತನ್ನು ನಮ್ಮ ವಿದ್ಯಾವಂತ ಯುವಜನರಿಂದ ಆಗಾಗ ಕೇಳುತ್ತೇವೆ. ಈ ಮಾತಿನ ಹಿಂದಿರುವ ಸತ್ಯಾನ್ವೇಷಣೆಯ ಹಂಬಲ ಗೌರವಾರ್ಹವಾದುದು. ಆದರೆ ಯಾವ ನಿಲುವೂ ಇಲ್ಲದ ಓದುಗನು ಎಲ್ಲಿದ್ದಾನೆ? ಪ್ರತಿಯೊಬ್ಬನೂ ತನ್ನದೊಂದು ಪ್ರಶ್ನೆಯನ್ನು ಹಿಡಿದೇ ಗ್ರಂಥವನ್ನು ತೆರೆಯುತ್ತಾನೆ.

ವಿಮೋಚನಾಕಾಂಡದ 14ನೆಯ ಅಧ್ಯಾಯವನ್ನೇ ನೋಡೋಣ. ಇಸ್ರಯೇಲರು ಸಮುದ್ರವನ್ನು ದಾಟಿದ ವೃತ್ತಾಂತವದು. ಅದು ಯಾವ ಸಮುದ್ರ, ಯಾವ ಫರೋಹನ ಕಾಲ ಎಂದು ಇತಿಹಾಸಕಾರನು ವಿಚಾರಿಸುತ್ತಾನೆ. ಯೆಹೂದ್ಯ ಕುಟುಂಬವು ಪಾಸ್ಖ ಹಬ್ಬದಲ್ಲಿ ಅದನ್ನು ತನ್ನದೇ ಬಿಡುಗಡೆಯೆಂದು ಸ್ಮರಿಸುತ್ತದೆ. ಧರ್ಮಸಭೆಯು ಈಸ್ಟರ್ ಜಾಗರಣೆಯಲ್ಲಿ ಬೇರೆ ವಾಚನಗಳನ್ನು ಕಡಿಮೆ ಮಾಡಿದರೂ ಇದನ್ನು ಬಿಡುವುದಿಲ್ಲ. ಆ ನೀರಿನಲ್ಲಿ ಅದು ಜ್ಞಾನಸ್ನಾನವನ್ನು ಕಾಣುತ್ತದೆ. ಇತಿಹಾಸಕಾರನ ಪ್ರಶ್ನೆ ನಿರರ್ಥಕವಲ್ಲ. ಬರೆದವನ ಉದ್ದೇಶವನ್ನೂ ಬರವಣಿಗೆಯ ಪ್ರಕಾರವನ್ನೂ ಪರಿಶೀಲಿಸಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ‘ದೇಯಿ ವೆರ್ಬುಮ್’ ಶಾಸನದ ಮೂಲಕ ಬೋಧಿಸಿತು. ಯಾವ ಪವಿತ್ರಾತ್ಮರ ಪ್ರೇರಣೆಯಿಂದ ಗ್ರಂಥವು ರಚಿತವಾಯಿತೋ ಅವರಲ್ಲಿಯೇ ಅದನ್ನು ಓದಬೇಕೆಂದೂ ಅದೇ ಶಾಸನವು ಹೇಳುತ್ತದೆ.

ನಮ್ಮ ಪೂರ್ವಜರ ಓದು ಹೇಗಿತ್ತು? ಮನೆಮನೆಯಲ್ಲಿ ಬೈಬಲ್ ಇಲ್ಲದ ಕಾಲದಲ್ಲಿ ಅವರು ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸರ ‘ಕ್ರಿಸ್ತಪುರಾಣ’ವನ್ನು ಹಾಡಿಸಿ ಕೇಳುತ್ತಿದ್ದರು. 1616ರಲ್ಲಿ ಮೊದಲು ಅಚ್ಚಾದ ಆ ಕಾವ್ಯವನ್ನು 1907ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಜೋಸೆಫ್ ಸಲ್ಡಾನ್ಹಾ ಅವರು ಮತ್ತೆ ಪ್ರಕಟಿಸಿದರು. ಸ್ವರ್ಗವನ್ನು ವೈಕುಂಠವೆಂದು ಕರೆದ ಆ ಕಾವ್ಯದಲ್ಲಿ ದೇವವಾಕ್ಯವು ಈ ನೆಲದ ನುಡಿಯಲ್ಲಿಯೇ ಅವರ ಕಿವಿಗೆ ಬಿದ್ದಿತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸಾವಿರಾರು ಮಂದಿ ಸೆರೆಯಾಗಿ, ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ಬದುಕಿ ಉಳಿದವರಲ್ಲಿ ಅನೇಕರು 1799ರ ಬಳಿಕ ಹಿಂದಿರುಗಿ, ಕೆಡವಲ್ಪಟ್ಟ ಇಗರ್ಜಿಗಳನ್ನು ಪುನಃ ಕಟ್ಟಿದರು. ಇಂತಹವರ ಸಂತತಿಗೆ ವಿಮೋಚನಾಕಾಂಡವು ದೂರದೇಶದ ಕಥೆಯಾಗಿ ಉಳಿಯುವುದಾದರೂ ಹೇಗೆ?

ಆದರೆ ಇಲ್ಲಿಯೇ ನಾವು ಎಚ್ಚರಗೊಳ್ಳಬೇಕು. ನಮ್ಮ ನೋವನ್ನು ಗ್ರಂಥದಲ್ಲಿ ಗುರುತಿಸುವುದು ವಿಶ್ವಾಸ. ನಮ್ಮ ಹಗೆಗೆ ಅಲ್ಲಿ ಸಮರ್ಥನೆಯನ್ನು ಹುಡುಕುವುದು ವಿಶ್ವಾಸವಲ್ಲ. ಬಿಡುಗಡೆಯ ಕಥೆ ಹೇಳಿದ ಅದೇ ವಿಮೋಚನಾಕಾಂಡವು, ನೀವೂ ಈಜಿಪ್ಟಿನಲ್ಲಿ ಪರಕೀಯರಾಗಿದ್ದುದರಿಂದ ಪರಕೀಯರನ್ನು ಪೀಡಿಸಬಾರದು ಎಂದು ಕಟ್ಟಪ್ಪಣೆ ಮಾಡುತ್ತದೆ. ಎರಡು ಶತಮಾನಗಳ ಹಿಂದಿನ ಸೆರೆವಾಸದ ನೆನಪು ಇಂದು ನಮ್ಮ ಬೀದಿಯಲ್ಲಿಯೇ ಬಾಳುವ ಮುಸಲ್ಮಾನ ನೆರೆಯವನ ಮೇಲೆ ಕಹಿಯಾಗಿ ಹರಿಯುವುದಾದರೆ, ನಾವು ಆ ಕಾಂಡವನ್ನು ಅರ್ಧ ಮಾತ್ರ ಓದಿದ್ದೇವೆ. ದೇವರ ಮೇಲಣ ಮತ್ತು ನೆರೆಯವರ ಮೇಲಣ ಪ್ರೀತಿಯನ್ನು ಬೆಳೆಸದವನು ಪವಿತ್ರ ಗ್ರಂಥವನ್ನು ಇನ್ನೂ ಅರಿತಿಲ್ಲ ಎಂಬುದು ಸಂತ ಅಗಸ್ಟೀನರ ಅಳತೆಗೋಲು.

ವಿಶ್ವಾಸವು ನಮ್ಮನ್ನು ವಾಕ್ಯದೆಡೆಗೆ ಕರೆದೊಯ್ಯುತ್ತದೆ. ಅನಂತರ ಆ ವಾಕ್ಯವೇ ನಮ್ಮ ವಿಶ್ವಾಸವನ್ನು ಪರೀಕ್ಷಿಸುತ್ತದೆ. ಈ ಎರಡನೆಯ ಹೆಜ್ಜೆಗೆ ಅಂಜುವವನು ಗ್ರಂಥದಲ್ಲಿ ತನ್ನ ಮುಖವನ್ನೇ ಕಂಡು ಹಿಂದಿರುಗುತ್ತಾನೆ.

ಆದುದರಿಂದ ಶನಿವಾರ ಸಂಜೆ ಜಪಸರದ ಬಳಿಕ, ಪೀಠದ ಮೇಲಿರುವ ಬೈಬಲನ್ನು ಕೆಳಗಿಳಿಸಿ, ಮರುದಿನದ ಶುಭಸಂದೇಶವನ್ನು ಕುಟುಂಬವೆಲ್ಲ ಕೂಡಿ ಓದೋಣ. ಇದು ನಮ್ಮನ್ನು ಹೇಗೆ ಸಂತೈಸುತ್ತದೆ ಎಂದು ಕೇಳೋಣ. ನಮ್ಮಲ್ಲಿ ಏನನ್ನು ತಿದ್ದುತ್ತದೆ ಎಂದೂ ತಪ್ಪದೆ ಕೇಳೋಣ. ಮಕ್ಕಳು ಸಂಶಯ ಎತ್ತಿದರೆ ಗದರದಿರೋಣ. ಅವರ ಪ್ರಶ್ನೆಯೂ ವಿಶ್ವಾಸದ ಬಾಗಿಲಾಗಬಲ್ಲದು.